ಒಂದೇ ಸಲ ‘ಐತೆ’ ಅಂದ ಮೇಷ್ಟ್ರು

ಶಿಕಾರಿಪುರದಲ್ಲಿ ನಡೆದ ಅವರ ಶ್ರದ್ಧಾಂಜಲಿ ಸಭೆಯಲ್ಲಿ ಏಳು ಮಂದಿ ಮಾತಾಡಿದರು. ಏಳೂ ಮಂದಿ ಹೇಳಿದ್ದು ಹೆಚ್ಚುಕಡಿಮೆ ಒಂದೇ. ಕಟ್ಟುನಿಟ್ಟಿನ ಗುರುಗಳು, ಮಕ್ಕಳನ್ನು ಸುಮ್ಮಸುಮ್ಮನೆ ಹೊಗಳಿದವರಲ್ಲ, ಅಂಥವರು ಇನ್ನು ಸಿಗುವುದಿಲ್ಲ. ಎಂಟನೆಯವಳಾಗಿ ನನ್ನ ಕೈಗೆ ಮೈಕು ಬಂತು. ನಾನೂ ಅದನ್ನೇ ಹೇಳಿ ಕೂತೆ. ಕೂತ ಮೇಲೆ ನೋಡಿಕೊಂಡರೆ ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು. ಮೈಕು ಕಂಡು ಹೆದರುವವಳಲ್ಲ. ಗೊತ್ತಿದ್ದದ್ದನ್ನು ನುಂಗಿಕೊಂಡು ಬೇರೆ ಏನನ್ನೋ ಹೇಳಿದ್ದಕ್ಕೆ ಅದನ್ನು ಕೆಳಗಿಡಲಾಗಿರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರಲ್ಲಿ ಹೆಸರು ಹಿಡಿದು ಕರೆದವರೂ ಕಡಿಮೆ. ಗಿಟಾರ್ ಮೇಷ್ಟ್ರು ಅಂದರೆ ಸಾಕಿತ್ತು. ದಾವಣಗೆರೆ ಕಡೆಯವರು. ಯಾವುದೋ ಆರ್ಕೆಸ್ಟ್ರಾದಲ್ಲಿ ಬಹಳ ವರ್ಷ ನುಡಿಸಿ, ಡ್ರಮ್ಮಿನ ಪಕ್ಕ ನಿಂತೂ ನಿಂತೂ ಎಡಗಿವಿ ಅರ್ಧ ಹೋದ ಮೇಲೆ ಅದನ್ನು ಬಿಟ್ಟು ನಮ್ಮೂರಿಗೆ ಬಂದಿದ್ದರು. ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕ್ಲಾಸು. ಕೆಳಗಿನಿಂದ ಹೊಲಿಗೆ ಮೆಷಿನ್ನಿನ ಸದ್ದು ಬರುತ್ತಿತ್ತು. “ಅದರ ಜೋಡಿ ಹೋಗ್ರಿ, ಅದಕ್ಕಿಂತ ಒಳ್ಳೆ ತಾಳ ನಿಮಗೆ ಯಾರು ಹಾಕ್ತಾರೆ?” ಅನ್ನುತ್ತಿದ್ದರು ಮಕ್ಕಳಿಗೆ. ಮಕ್ಕಳು ಬಂದ ಕೂಡಲೆ ಮೊದಲು ಎಡಗೈ ಚಾಚಬೇಕು. ಜೇಬಿನಿಂದ ನೇಲ್ ಕಟರ್ ತೆಗೆದು, ಕನ್ನಡಕವನ್ನು ಹಣೆಗೇರಿಸಿ, ಒಂದೊಂದೇ ಉಗುರನ್ನು ತಾವೇ ಕತ್ತರಿಸುತ್ತಿದ್ದರು. ಐದು ವರ್ಷದ ಮಗುವಿನ ಉಗುರು ಕತ್ತರಿಸುವಾಗ ಅವರು ಉಸಿರು ಬಿಗಿಹಿಡಿಯುವುದನ್ನು ನಾನೇ ನೋಡಿದ್ದೇನೆ.

ನನಗೂ ಅವರಿಗೂ ಪರಿಚಯವಾದದ್ದು ಮಕ್ಕಳ ಪ್ರತಿಭಾ ಸ್ಪರ್ಧೆಯೊಂದರ ತೀರ್ಪುಗಾರರ ಮೇಜಿನ ಹಿಂದೆ. ನಾನು ಸ್ವಲ್ಪ ಭಾವಗೀತೆ ಹಾಡುತ್ತಿದ್ದೆನೆಂದು ನನ್ನನ್ನು ಸಂಗೀತದ ತೀರ್ಪಿಗೆಲ್ಲ ಕರೆಯುತ್ತಿದ್ದರು. ಗಿಟಾರಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಆ ವರ್ಷ ಒಂಬತ್ತು ವರ್ಷದೊಳಗಿನ ಹನ್ನೊಂದು ಮಕ್ಕಳು ಗಿಟಾರ್ ಹಿಡಿದು ಬಂದಿದ್ದರು. ಗಿಟಾರಿನ ಹಿಂದೆ ಕೆಲವರ ಮುಖವೇ ಕಾಣುತ್ತಿರಲಿಲ್ಲ. ನಾನು ಉಡುಪು, ಧೈರ್ಯ, ಹಾವಭಾವ ಎಂದೆಲ್ಲ ಅಂಕ ತುಂಬುತ್ತಿದ್ದರೆ ಮೇಷ್ಟ್ರು ಪ್ರತಿ ಮಗುವನ್ನೂ ಹತ್ತಿರ ಕರೆದು, “ಕೊಡವ್ವ, ಒಂಚೂರು ನೋಡ್ತೀನಿ” ಎಂದು ಗಿಟಾರ್ ಇಸಿದುಕೊಂಡು ತಂತಿ ಬಿಗಿಯುವ ಬಿರಡೆಯೊಂದನ್ನು ತಿರುಗಿಸಿ ವಾಪಸು ಕೊಡುತ್ತಿದ್ದರು. ಶ್ರುತಿ ಸರಿಮಾಡಿ ಕೊಡುತ್ತಿದ್ದಾರೆ ಎಂದುಕೊಂಡಿದ್ದೆ. ಕೊನೆಗೆ ನೋಡಿದರೆ ಅವರ ಅಂಕಪಟ್ಟಿಯಲ್ಲಿ ಹನ್ನೊಂದು ಹೆಸರಿನ ಮುಂದೆಯೂ ಒಂದೇ ಮಾತು: ‘ಇಲ್ಲ’.

“ಇದೇನು ಸಾರ್? ಆ ಕೆಂಪು ಅಂಗಿ ಹುಡುಗ ಎಷ್ಟು ಚೆನ್ನಾಗಿ ನುಡಿಸಿದ!”

“ನಾನು ಒಂದು ತಂತಿ ಇಳಿಸಿ ಕೊಟ್ಟಿದ್ದೆ ಮೇಡಂ. ಒಬ್ಬರಿಗಾದ್ರೂ ಮುಖ ಹುಳಿ ಆತೇನು? ಬೆರಳು ಯಾರಿಗೆ ಬೇಕಾದ್ರೂ ಕಲಿಸಬಹುದು. ಕಿವಿ ಹುಟ್ಟಿಕ್ಯಂಡೇ ಬರಬೇಕು.”

ಇಷ್ಟು ಹೇಳಿ ಅವರು ಮಕ್ಕಳ ಕಡೆ ನೋಡಿ ನಕ್ಕರು. ಆ ನಗುವಿನಲ್ಲಿ ತಿರಸ್ಕಾರವಿರಲಿಲ್ಲ. ಯಾವುದೋ ಗಂಡಾಂತರ ಸದ್ಯಕ್ಕೆ ಕಳೆಯಿತು ಎನ್ನುವವರ ಹಾಗೆ ನಕ್ಕರು. ಆಗ ನನಗೆ ಅದು ಅರ್ಥವಾಗಲಿಲ್ಲ.

ಮಗಳನ್ನು ಸೊರಬಕ್ಕೆ ಕೊಟ್ಟಿದ್ದರಿಂದ ನಾನು ಭಾನುವಾರಗಳಲ್ಲಿ ಅಲ್ಲಿಗೆ ಹೋಗಿಬರುತ್ತಿದ್ದೆ. ಮೇಷ್ಟ್ರಿಗೂ ಭಾನುವಾರ ಸೊರಬದಲ್ಲಿ ಒಂದು ಕ್ಲಾಸು. ಒಂದೇ ಬಸ್ಸು. ಹಾಗಾಗಿ ಅವರ ಬಾಯಿಂದ ಎರಡು ಮಾತು ಹೆಚ್ಚು ಕೇಳಿದವಳು ನಾನೇ ಇರಬೇಕು. ಅಂಥ ಒಂದು ಭಾನುವಾರ, ವಾಪಸು ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಅವರ ಸೊರಬದ ಕ್ಲಾಸಿನ ಬೆಂಚಿನ ಮೇಲೆ ಕೂತಿದ್ದಾಗ, ಗುಡವಿ ಕಡೆಯ ಒಬ್ಬಾತ ಆರು ವರ್ಷದ ಮಗಳ ಕೈಹಿಡಿದು ಬಂದ. ಕುರಿ ಸಾಕಿಕೊಂಡು, ಜೋಳ ಬೆಳೆದುಕೊಂಡು ಇರುವವನು. ಮಾತಿಗೆ ಮೊದಲು ನಗುವ ಮನುಷ್ಯ.

“ಇವಳಿಗೆ ಎಂತದೋ ಆಗಿದೆ ಮೇಷ್ಟ್ರೇ,” ಎಂದ. “ಕುರಿ ಹಿಂದೆ ಕಳ್ಸಿದ್ರೆ ಬೇಲಿ ತಂತಿ ಮೀಟ್ತಾ ನಿಂತ್ಕೊಂಡಿರ್ತಾಳೆ. ಕುರಿ ಎತ್ಲಾಗೆ ಹೋದ್ರೂ ಗೊತ್ತಾಗೂದಿಲ್ಲ. ಶಾಲೇಲಿ ಯಾರೋ ಗಿಟಾರ್ ಬಾರ್ಸಿದ್ರಂತೆ. ಅವತ್ತಿಂದ ಅದೇ ಜಪ.”

ಹುಡುಗಿಯ ಹೆಸರು ಬೇಡ. ಪುಟ್ಟಿ ಎನ್ನುತ್ತೇನೆ. ಮೇಷ್ಟ್ರು ಎಂದಿನಂತೆ ಸಣ್ಣ ಗಿಟಾರಿನ ಒಂದು ತಂತಿಯನ್ನು ಕೂದಲೆಳೆಯಷ್ಟು ಇಳಿಸಿ ಅವಳ ತೊಡೆಯ ಮೇಲಿಟ್ಟರು. “ಸುಮ್ನೆ ಮೀಟವ್ವ, ಹೆಂಗಾದ್ರೂ ಆಗ್ಲಿ.” ಪುಟ್ಟಿ ಆರೂ ತಂತಿಗಳ ಮೇಲೆ ಹೆಬ್ಬೆರಳು ಎಳೆದಳು. ನಿಂತಳು. ಮತ್ತೆ ಎಳೆದಳು. ಆಮೇಲೆ ಗಿಟಾರಿನ ಮರಕ್ಕೆ ಕೆನ್ನೆಯಿಟ್ಟು, ಒಂದೊಂದೇ ತಂತಿಯನ್ನು ಬಿಡಿಬಿಡಿಯಾಗಿ ಮೀಟಿ, ತಪ್ಪಿದ ತಂತಿ ಸಿಕ್ಕಿದ ಮೇಲೆ ಅದು ಎಲ್ಲಿಗೆ ಹೋಗಿ ಸೇರುತ್ತದೆ ಎಂದು ಬೆರಳಲ್ಲೇ ಹುಡುಕಿಕೊಂಡು ಹೋಗಿ, ಎರಡೂ ಕೈಯಿಂದ ಬಿರಡೆ ತಿರುಗಿಸಿದಳು. ಜಾಸ್ತಿಯಾಯಿತು. ಸ್ವಲ್ಪ ಇಳಿಸಿದಳು. ಸರಿಯಾದದ್ದೇ ತಡ, ಹಲ್ಲು ಬಿದ್ದ ಬಾಯಿ ತೆರೆದು ಗಟ್ಟಿಯಾಗಿ ನಕ್ಕಳು.

ಮೇಷ್ಟ್ರು ಎದ್ದು ಕಿಟಕಿಯ ಹತ್ತಿರ ಹೋದರು. ಬಹಳ ಹೊತ್ತು ನಮಗೆ ಬೆನ್ನುಹಾಕಿ ನಿಂತಿದ್ದರು.

“ಮೇಷ್ಟ್ರೇ?” ಎಂದ ತಂದೆ.

“ಐತೆ,” ಎಂದರು. ಅಷ್ಟೇ. ಆ ಮಾತನ್ನು ಅವರ ಬಾಯಿಂದ ನಾನು ಕೇಳಿದ್ದು ಅದೊಂದೇ ಸಲ.

ಬಸ್ಸಿನಲ್ಲಿ ಅವರು ಶಿರಾಳಕೊಪ್ಪದವರೆಗೂ ಟಿಕೇಟನ್ನು ಮಡಚುತ್ತ ಬಿಚ್ಚುತ್ತ ಕೂತಿದ್ದರು. ಆಮೇಲೆ, “ಬಾಯಿ ತಪ್ಪಿ ಬಂತು ಮೇಡಂ. ಅನ್ನಬಾರದಿತ್ತು,” ಎಂದರು.

“ಯಾಕೆ ಸಾರ್? ಖುಷಿಪಡೋ ವಿಷಯ ಅಲ್ವಾ?”

“ಆ ಅಪ್ಪನ ಮುಖ ನೋಡಿದ್ರಾ? ಬರುವಾಗ ಮಗಳ ಕೈ ಹಿಡಕಂಡು ಬಂದಿದ್ದ. ಹೋಗುವಾಗ ಅವಳ ಬೆರಳು ನೋಡಿಕ್ಯಂತ ಹೋದ.” ಟಿಕೇಟನ್ನು ಜೇಬಿಗೆ ಹಾಕಿಕೊಂಡು, “ನಾನು ಸಣ್ಣವನಿದ್ದಾಗ ನಮ್ಮಪ್ಪಗೂ ಒಬ್ಬರು ಹಿಂಗೇ ಹೇಳಿದ್ರು,” ಎಂದರು.

ಮೊದಲ ವರ್ಷ ಎಲ್ಲವೂ ಚೆನ್ನಾಗಿಯೇ ಕಂಡಿತು. ಪುಟ್ಟಿ ಕೇಳಿದ್ದನ್ನೆಲ್ಲ ನುಡಿಸುತ್ತಿದ್ದಳು. ಯಾರೋ ತೆಗೆದ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಶಾಲೆಯ ವಾರ್ಷಿಕೋತ್ಸವ, ಸಂಘದ ಉದ್ಘಾಟನೆ, ಮದುವೆಯ ಆರತಕ್ಷತೆ, ಎಲ್ಲೆಡೆ ಕರೆ. ಈಸೂರಿನಲ್ಲಿ ಒಂದು ಕಾರ್ಯಕ್ರಮಕ್ಕೆ ಅವಳನ್ನು ಎತ್ತಿನಗಾಡಿಯಲ್ಲಿ ಮೆರೆಸಿ ಕರೆದುಕೊಂಡು ಹೋದರಂತೆ. ತಂದೆ ಅವಳಿಗೆ ಮಿಂಚಿನ ಫ್ರಾಕು ಹೊಲಿಸಿದ. ಅವನನ್ನು ದುಷ್ಟ ಎನ್ನಲು ನನ್ನಿಂದಾಗದು. ಮಗಳು ನುಡಿಸುವಾಗ ಅವನ ಕಣ್ಣು ತುಂಬಿ ಬರುತ್ತಿತ್ತು. ಅವಳು ತಪ್ಪಿದ ದಿನ ಅವನೇ ಊಟ ಬಿಡುತ್ತಿದ್ದನಂತೆ. ಹೊಡೆದಿದ್ದರೆ ಅವಳು ಅತ್ತುಬಿಡಬಹುದಿತ್ತು. ಅಪ್ಪ ಉಪವಾಸ ಕೂತರೆ ಏಳು ವರ್ಷದ ಮಗು ಏನು ಮಾಡಬೇಕು?

ಎರಡನೆಯ ವರ್ಷ, ಉಡುತಡಿಯಲ್ಲಿ ನಡೆದ ಒಂದು ಕಾರ್ಯಕ್ರಮಕ್ಕೆ ನಾನು ನಿರೂಪಣೆಗೆ ಹೋಗಿದ್ದೆ. ವೇದಿಕೆಯ ಹಿಂದೆ ಪುಟ್ಟಿ ಒಬ್ಬಳೇ ಕುರ್ಚಿಯಲ್ಲಿ ಕೂತಿದ್ದಳು. ಎಡಗೈಗೆ ಬಿಳಿ ಕಾಲುಚೀಲ ತೊಡಿಸಿ ಮಣಿಕಟ್ಟಿಗೆ ದಾರ ಕಟ್ಟಿದ್ದರು. ಗಾಯವಾಗಿದೆಯೇನೋ ಎಂದುಕೊಂಡು, “ಏನಾಯ್ತು ಪುಟ್ಟಿ?” ಎಂದೆ.

“ಎಂತ ಆಗ್ಲಿಲ್ಲ. ಆಗ್ಬಾರ್ದು ಅಂತ,” ಎಂದಳು.

ಲಾಡು ಕೊಡಲು ಹೋದೆ. ಬಲಗೈ ಚಾಚಿದಳು. “ಎಡಗೈಲಿ ಎಂತನೂ ಮುಟ್ಟಂಗಿಲ್ಲ. ಕುರಿಮರೀನೂ ಮುಟ್ಟಂಗಿಲ್ಲ.” ಹೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಕಾಲುಚೀಲದೊಳಗೆ ಅವಳ ಬೆರಳುಗಳು ಮಾತ್ರ ತಮ್ಮಷ್ಟಕ್ಕೆ ತಾವು ಆಡುತ್ತಿದ್ದವು, ಚೀಲದಲ್ಲಿ ಸಿಕ್ಕಿಕೊಂಡ ಇಲಿಮರಿಗಳ ಹಾಗೆ. ಆ ದಿನ ಅವಳು ಒಂದೂ ತಪ್ಪಿಲ್ಲದೆ ನುಡಿಸಿದಳು. ಸರಿಯಾದ ಸ್ವರ ಸಿಕ್ಕಿದ್ದಕ್ಕೆ ಗಟ್ಟಿಯಾಗಿ ನಕ್ಕ ಮಗು ಅದೇ ಎಂದು ನಂಬಲು ಕಷ್ಟವಾಯಿತು.

ಕಾಲುಚೀಲದ ಸಂಗತಿಯನ್ನು ನಾನು ಹೇಳಿದ ಮರುದಿನವೇ ಮೇಷ್ಟ್ರು ಗುಡವಿ ಕಡೆಯ ಬಸ್ಸು ಹತ್ತಿದರು. ಅಲ್ಲಿ ಏನಾಯಿತೆಂದು ಆಮೇಲೆ ಅವರೇ ಹೇಳಿದ್ದು.

“ಒಂದು ವರ್ಷ ಗಿಟಾರ್ ಮುಚ್ಚಿಡ್ರಿ ಅಂದೆ. ಮಗು ಮಣ್ಣಾಗೆ ಆಡ್ಲಿ, ಕುರಿಮರಿ ಎತ್ತಿಕ್ಯಂಡು ಓಡಾಡ್ಲಿ, ಅದಕ್ಕೇ ಬೇಕು ಅನ್ನಿಸಿದಾಗ ತೆಗೀಲಿ ಅಂದೆ.”

“ಅವನೇನಂದ?”

“ಐತೆ ಅಂದೋರು ನೀವೇ ಅಲ್ವಾ ಮೇಷ್ಟ್ರೇ, ದೇವ್ರು ಕೊಟ್ಟಿದ್ದನ್ನ ಮುಚ್ಚಿಡು ಅಂತೀರಲ್ಲ, ಅಂದ. ಎದ್ದು ಬಂದೆ ಮೇಡಂ.”

ಆಮೇಲೆ ತಂದೆ ಅವಳನ್ನು ಅವರ ಕ್ಲಾಸಿಗೆ ಕಳಿಸುವುದನ್ನೇ ಬಿಟ್ಟ. ಮೊಬೈಲಿನಲ್ಲೇ ಯಾರೋ ಬೇರೆ ಗುರು ಸಿಕ್ಕಿದರಂತೆ.

ಪುಟ್ಟಿಗೆ ಎಂಟು ತುಂಬಿದ ವರ್ಷ ಸೊರಬದಲ್ಲಿ ಒಂದು ದೊಡ್ಡ ಸ್ಪರ್ಧೆ ಏರ್ಪಾಡಾಯಿತು. ಗೆದ್ದ ಮಗುವಿಗೆ ಟೀವಿಯ ಮಕ್ಕಳ ಕಾರ್ಯಕ್ರಮದ ಆಯ್ಕೆಗೆ ನೇರ ಅವಕಾಶ. ಆಯ್ಕೆಯಾದರೆ ಶಾಲೆ ಬಿಟ್ಟು ತಿಂಗಳುಗಟ್ಟಲೆ ಅಲ್ಲೇ ಇರಬೇಕು. ತೀರ್ಪುಗಾರರು ಮೂವರು: ಮೇಷ್ಟ್ರು, ನಾನು, ಏರ್ಪಾಡು ಮಾಡಿದವರ ಕಡೆಯ ಒಬ್ಬರು. ಸ್ಪರ್ಧೆಗೆ ಮುಂಚೆ ಮೇಷ್ಟ್ರು ನನ್ನನ್ನು ಮೆಟ್ಟಿಲ ಹತ್ತಿರ ಕರೆದರು.

“ಮೇಡಂ, ಪುಟ್ಟಿಗೆ ಕಮ್ಮಿ ಹಾಕ್ರಿ.”

“ಅವಳಿಗಿಂತ ಚೆನ್ನಾಗಿ ಯಾರು ನುಡಿಸ್ತಾರೆ ಸಾರ್?”

“ಯಾರೂ ಇಲ್ಲ. ಅದಕ್ಕೇ ಹೇಳ್ತಿರೋದು. ಅವಳ ಕಣ್ಣು ನೋಡಿದ್ರಾ? ನಾವಿಬ್ಬರೂ ಕಮ್ಮಿ ಹಾಕಿದ್ರೆ ಇದು ಇಲ್ಲಿಗೇ ನಿಲ್ತದೆ.”

“ಸುಳ್ಳು ಅಂಕ ಹಾಕೋಕೆ ನನ್ನಿಂದ ಆಗಲ್ಲ ಸಾರ್. ಇಷ್ಟು ವರ್ಷ ಮಾಡಿಲ್ಲ.”

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಆಮೇಲೆ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು.

ಪುಟ್ಟಿ ಬಂದಳು. ವೇದಿಕೆಯ ಪಕ್ಕದಲ್ಲಿ ತಂದೆ ದಾರ ಬಿಚ್ಚಿ ಕಾಲುಚೀಲ ತೆಗೆದ. ಕೈ ಬಿಳಿಚಿಕೊಂಡಿತ್ತು, ಇನ್ನೊಂದು ಕೈಯ ಬಣ್ಣಕ್ಕೂ ಅದಕ್ಕೂ ಹೊಂದಿಕೆಯೇ ಇರಲಿಲ್ಲ. ಅವಳು ನುಡಿಸುತ್ತಿದ್ದಷ್ಟು ಹೊತ್ತು ಸಭೆ ಉಸಿರಾಡಲಿಲ್ಲ. ಮುಂದಿನ ಸಾಲಿನಲ್ಲಿ ಕೂತ ತಂದೆಯ ಬೆರಳುಗಳು ಮೊಣಕಾಲಿನ ಮೇಲೆ ಅವಳ ಜೊತೆಗೇ ಓಡುತ್ತಿದ್ದವು. ಅವಳ ಕಣ್ಣು ಒಮ್ಮೆಯೂ ತಂತಿಯ ಮೇಲಿರಲಿಲ್ಲ, ಆ ಮೊಣಕಾಲಿನ ಮೇಲಿತ್ತು. ಅದನ್ನು ನಾನು ನೋಡಿದೆ. ನೋಡಿಯೂ ನೂರಕ್ಕೆ ತೊಂಬತ್ತೆಂಟು ಹಾಕಿದೆ. ನ್ಯಾಯವಾದ ಅಂಕ ಅದು. ಇವತ್ತಿಗೂ ಆ ಅಂಕದಲ್ಲಿ ತಪ್ಪು ಹುಡುಕಲಾರೆ.

ಮೇಷ್ಟ್ರು ಹಾಕಿದ್ದು ಸೊನ್ನೆ. ಮೂವರ ಅಂಕ ಓದಿದಾಗ ಸಭೆ ಕೂಗಿತು, ಯಾರೋ ಶಿಳ್ಳೆ ಹಾಕಿದರು. ತಂದೆ ಎದ್ದು ನಿಂತು, “ಹೊಟ್ಟೆಕಿಚ್ಚು ಮೇಷ್ಟ್ರೇ, ನಿಮಗೆ ಹೊಟ್ಟೆಕಿಚ್ಚು!” ಎಂದ. ಆದರೂ ಪುಟ್ಟಿಯೇ ಗೆದ್ದಳು; ಮೂರನೆಯವರು ನೂರಕ್ಕೆ ನೂರು ಹಾಕಿದ್ದರು, ಬೇರೆ ಯಾವ ಮಗುವಿಗೂ ಮೂವರಿಂದ ಸೇರಿ ಅಷ್ಟು ಬಂದಿರಲಿಲ್ಲ. ಚಪ್ಪಾಳೆ ಬಿದ್ದಾಗ ಎಲ್ಲ ಮಕ್ಕಳೂ ಕುಣಿದರು, ಗೆದ್ದವಳು ಮಾತ್ರ ಕಲ್ಲಿನ ಹಾಗೆ ನಿಂತಿದ್ದಳು. ಅವಳು ನೋಡುತ್ತಿದ್ದದ್ದು ಮೇಷ್ಟ್ರನ್ನು. ಮುಳುಗುವವರು ದಡದಲ್ಲಿರುವವರನ್ನು ನೋಡುವ ನೋಟ ಅದು.

ಬಸ್ಸಿನಲ್ಲಿ ಮೇಷ್ಟ್ರು ಹೇಳಿದ್ದು ಒಂದೇ ಮಾತು. “ನೀವು ಸರಿಯಾಗೇ ಹಾಕಿದ್ರಿ ಮೇಡಂ.” ಬೈದಿದ್ದರೆ ವಾಸಿಯಿತ್ತು.

ಎಂಟು ದಿನದ ಮೇಲೆ ಬೆಳಗ್ಗೆ ಸೊರಬದಿಂದ ಮಗಳು ಫೋನ್ ಮಾಡಿದಳು. ಆಯ್ಕೆಗೆ ಹೊರಡಬೇಕಾಗಿದ್ದ ದಿನ ಅದು. ಪುಟ್ಟಿಯ ಎಡಗೈ ಮನೆಯ ಮುಂಬಾಗಿಲ ಸಂದಿಗೆ ಸಿಕ್ಕಿ ಎರಡು ಬೆರಳು ಜಜ್ಜಿಹೋಗಿವೆ, ಆಸ್ಪತ್ರೆಯಲ್ಲಿದ್ದಾಳೆ. ನಾನೂ ಮೇಷ್ಟ್ರೂ ಸಿಕ್ಕಿದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವರು ತಮ್ಮ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಕೂತಿದ್ದರು.

ತಂದೆ ವಾರ್ಡಿನ ಬಾಗಿಲಲ್ಲೇ ಸಿಕ್ಕಿದ. ಹೊಟ್ಟೆಕಿಚ್ಚಿನ ಮಾತೆಲ್ಲ ಮರೆತಿದ್ದ. “ಗಾಳಿ ಮೇಷ್ಟ್ರೇ, ಗಾಳಿಗೆ ಬಾಗ್ಲು ಬಡೀತು. ದೊಡ್ಡ ಬಾಗ್ಲು ಅದು,” ಎಂದು ಅದನ್ನೇ ನಾಲ್ಕು ಸಲ ಹೇಳಿದ. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಬೇಕೆಂದು ಡಾಕ್ಟರು ಬರೆದುಕೊಟ್ಟಿದ್ದರು. ಗಾಡಿ ಬಂತೇ ಎಂದು ನೋಡಲು ಅವನು ಹೊರಗೆ ಹೋದ.

ಮೇಷ್ಟ್ರು ಮಂಚದ ಅಂಚಿನಲ್ಲಿ ಕೂತರು. “ಬಹಳ ನೋಯ್ತದೇನವ್ವ?”

ಪುಟ್ಟಿ ಇಲ್ಲವೆಂದು ತಲೆಯಾಡಿಸಿದಳು. ಬಲಗೈಯಿಂದ ಹೊದಿಕೆ ಎಳೆದುಕೊಂಡು ಕೇಳಿದಳು. “ಮೇಷ್ಟ್ರೇ, ಇನ್ನು ನುಡ್ಸೂದು ಬ್ಯಾಡ ಅಲ್ವಾ?”

“ಬ್ಯಾಡವ್ವ.”

ಅವಳು ದೊಡ್ಡದಾಗಿ ಉಸಿರು ಬಿಟ್ಟಳು. ಎರಡು ವರ್ಷದಿಂದ ಹಿಡಿದಿಟ್ಟುಕೊಂಡ ಉಸಿರೇ ಇರಬೇಕು. ಆಮೇಲೆ ಮೆಲ್ಲಗೆ, ಪಾಠ ಒಪ್ಪಿಸುವ ಮಗುವಿನ ಹಾಗೆ ಹೇಳಿದಳು. “ಎಡಗೈ ಇಟ್ಟೆ, ಬಲಗೈಲಿ ಬಾಗ್ಲು ಎಳ್ದೆ. ಅಪ್ಪಂಗೆ ಹೇಳ್ಬೇಡಿ. ಅಳ್ತಾರೆ.”

ಮೇಷ್ಟ್ರು ಅವಳ ತಲೆಯ ಮೇಲೆ ಕೈಯಿಟ್ಟು, “ಹೇಳಲ್ಲ,” ಎಂದರು. ಕೊನೆಯವರೆಗೂ ಹೇಳಲಿಲ್ಲ.

ಆಮೇಲಿನ ಮೇಷ್ಟ್ರನ್ನೇ ಊರು ಕಟ್ಟುನಿಟ್ಟಿನ ಗುರು ಎಂದದ್ದು. ಅವರು ತೀರ್ಪುಗಾರಿಕೆಗೆ ಮತ್ತೆ ಹೋಗಲಿಲ್ಲ. ಮಕ್ಕಳಿಗೆ ಗಿಟಾರ್ ಕೊಡುವಾಗ ಆರೂ ತಂತಿಯನ್ನು ಸರಿಯಾಗಿ ಶ್ರುತಿ ಮಾಡಿಯೇ ಕೊಡುತ್ತಿದ್ದರು. ಯಾರಿಗೆ ಕಿವಿ ಇದೆ ಎಂದು ತಿಳಿದುಕೊಳ್ಳಲು ಅವರಿಗೇ ಮನಸ್ಸಿರಲಿಲ್ಲ. “ನಮ್ಮ ಮಗನಲ್ಲಿ ಟ್ಯಾಲೆಂಟ್ ಇದೆಯಾ ಸಾರ್?” ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: “ಹತ್ತು ವರ್ಷ ಬಿಟ್ಟು ಬರ್ರಿ, ಹೇಳ್ತೀನಿ.” ಬಹಳ ಮಂದಿ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಉಳಿದವರು ಏಳೆಂಟು ಮಕ್ಕಳು. ಅವರು ತಪ್ಪುತಪ್ಪಾಗಿ ನುಡಿಸಿಕೊಂಡು, ಕಿತ್ತಾಡಿಕೊಂಡು, ನಕ್ಕುಕೊಂಡು ಇರುತ್ತಿದ್ದರು. ಅಷ್ಟು ಅಪಸ್ವರದ ನಡುವೆ ಆ ಮನುಷ್ಯ ನೆಮ್ಮದಿಯಾಗಿ ಕೂತಿರುವುದನ್ನು ನೋಡಿದರೆ ಆಶ್ಚರ್ಯವಾಗುತ್ತಿತ್ತು. ತಿಂಗಳಿಗೊಂದು ಸಲ ಗುಡವಿಗೆ ಹೋಗಿ, ಕೆರೆಯ ದಡದಲ್ಲಿ ಪುಟ್ಟಿಯ ಜೊತೆ ಕೂತು ಹಕ್ಕಿ ನೋಡಿಕೊಂಡು ಬರುತ್ತಿದ್ದರು. ಗಿಟಾರಿನ ಮಾತು ಇಬ್ಬರೂ ಎತ್ತುತ್ತಿರಲಿಲ್ಲವಂತೆ.

ಇಷ್ಟೆಲ್ಲ ಗೊತ್ತಿದ್ದ ನಾನು ಹೋದ ವರ್ಷ ಒಂದು ಕೆಲಸ ಮಾಡಿದೆ. ಮಗಳ ಮಗಳಿಗೆ ಆಗ ಐದು ವರ್ಷ, ಶಾಲೆಗೆಂದು ನನ್ನ ಜೊತೆಯಲ್ಲೇ ಇರುತ್ತಾಳೆ. ಟೀವಿಯಲ್ಲಿ ಬಂದ ಹಾಡನ್ನು ಒಂದು ಸಲ ಕೇಳಿ ಹಾಗೇ ಗುನುಗುತ್ತಾಳೆ. ಅವಳನ್ನು ಕರೆದುಕೊಂಡು ಮೇಷ್ಟ್ರ ಮೆಟ್ಟಿಲು ಹತ್ತಿದೆ. ಸುಮ್ಮನೆ ಮಾತಾಡಿಸಿಕೊಂಡು ಬರುವುದಕ್ಕೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅವರು ಸೊರಗಿದ್ದರು. ಮಗುವಿಗೆ ಬಿಸ್ಕತ್ತು ಕೊಟ್ಟು, ಕೆಳಗಿನ ಹೊಲಿಗೆ ಮೆಷಿನ್ನು ನೋಡಿಕೊಂಡು ಬಾ ಎಂದು ಕಳಿಸಿದರು.

“ಗಿಟಾರ್ ಕೊಟ್ಟು ಒಂದು ಸಲ ನೋಡಿ ಸಾರ್,” ಎಂದೆ. “ಹೊರಗೆ ಯಾರಿಗೂ ಹೇಳಲ್ಲ. ನನಗೆ ಮಾತ್ರ ಹೇಳಿ. ಇದೆಯಾ ಇಲ್ವಾ ಅಂತ.”

ಅವರು ನನ್ನನ್ನು ನೋಡಿದ ರೀತಿಯನ್ನು ಮರೆಯಲಾರೆ. ಸಿಟ್ಟಲ್ಲ, ಹೆದರಿಕೆ. “ನಿಮಗೂ ಬೇಕಾ ಮೇಡಂ?” ಎಂದರು.

ಚಹಾ ಬರುವ ಮುಂಚೆಯೇ ಎದ್ದು ಬಂದೆ. ಆಮೇಲೆ ಅವರನ್ನು ಜೀವಂತ ನೋಡಲಿಲ್ಲ.

ಮಣ್ಣಿಗೆ ಪುಟ್ಟಿ ಬಂದಿದ್ದಳು. ಈಗ ಹತ್ತನೇ ಕ್ಲಾಸು. ಎತ್ತರವಾಗಿದ್ದಾಳೆ, ಗಟ್ಟಿ ದನಿ. ಎಡಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಅದೇ ಕೈಯಲ್ಲಿ ಹಿಡಿ ಮಣ್ಣು ಹಾಕಿದಳು. ಬೆರಳ ಸಂದಿಯಿಂದ ಅರ್ಧ ಸೋರಿಹೋಯಿತು. ಇದನ್ನು ಬರೆಯಲೇ ಎಂದು ಅವಳನ್ನು ಕೇಳಿದೆ. “ಬರೀರಿ. ಹೆಸ್ರು ಬ್ಯಾಡ,” ಎಂದಳು. “ಅಪ್ಪ?” ಎಂದೆ. ಅವಳು ಬೇವಿನ ಮರದ ಕೆಳಗೆ ನಿಂತಿದ್ದ ತಂದೆಯ ಕಡೆ ನೋಡಿ, “ಅವ್ರನ್ನೇ ಕೇಳಿ,” ಎಂದಳು.

ಹೋಗಿ ನಿಂತೆ. ನಾನು ಬಾಯಿ ತೆರೆಯುವ ಮೊದಲೇ ಅವನು ಮಾತಾಡಿದ. ತಲೆ ಪೂರ್ತಿ ಬೆಳ್ಳಗಾಗಿತ್ತು.

“ಅವತ್ತು ಎಲೆ ಅಲ್ಲಾಡೋ ಗಾಳೀನೂ ಇರ್ಲಿಲ್ಲ ಮೇಡಂ. ನಾನು ಅಂಗಳದಲ್ಲೇ ಇದ್ದೆ. ಅವಳು ಬಾಗ್ಲು ಎಳ್ಕೊಂಡಿದ್ದನ್ನ ಕಣ್ಣಾರೆ ಕಂಡೆ. ಎರಡು ಹೆಜ್ಜೆ ಹಾಕಿದ್ರೆ ಹಿಡೀಬಹುದಿತ್ತು. ಕಾಲೇ ಬರ್ಲಿಲ್ಲ.” ಮುಖ ಒರೆಸಿಕೊಂಡ. “ಮೇಷ್ಟ್ರಿಗೆ ಇದನ್ನ ಹೇಳ್ಬೇಕು ಅಂತ ಏಳು ವರ್ಷದಿಂದ ಇದ್ದೆ. ಹೇಳ್ಲಿಲ್ಲ.”

ಬರೆಯಲೇ ಎಂದು ಕೇಳಿದ್ದಕ್ಕೆ ಹೂಂ ಎಂದು ತಲೆಯಾಡಿಸಿದ.

ಮೇಷ್ಟ್ರ ಕೋಣೆಯನ್ನು ಈಗ ಬೇರೆ ಯಾರೋ ಹಿಡಿದಿದ್ದಾರೆ. ಹೊಸ ಬೋರ್ಡು ಬಿದ್ದಿದೆ. ಮೂರು ವರ್ಷದ ಮಕ್ಕಳಲ್ಲೇ ಸಂಗೀತದ ಪ್ರತಿಭೆಯನ್ನು ಗುರುತಿಸಿ ಹೇಳಲಾಗುವುದು ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದಾರೆ. ಸಂಜೆ ಹೊತ್ತು ಮೆಟ್ಟಿಲ ಮೇಲೆ ತಂದೆತಾಯಂದಿರ ಸಾಲು ನಿಂತಿರುತ್ತದೆ. ಮೊನ್ನೆ ಬಂದುಹೋದ ಮಗಳು ಸೊರಬದಿಂದ ಆ ಬೋರ್ಡಿನ ಫೋಟೋ ಕಳಿಸಿ, “ಅಮ್ಮ, ಒಂದು ಸಲ ತೋರಿಸೋಣ್ವಾ?” ಎಂದು ಕೇಳಿದ್ದಾಳೆ. ಬೇಡ ಎಂದು ಬರೆಯಲು ಕೂತೆ, ಅಳಿಸಿದೆ, ಮತ್ತೆ ಬರೆದೆ. ಒಳಗಿನ ಕೋಣೆಯಲ್ಲಿ ಮೊಮ್ಮಗಳು ಏನನ್ನೋ ಗುನುಗುತ್ತಿದ್ದಳು. ಎಷ್ಟು ಸರಿಯಾಗಿ ಗುನುಗುತ್ತಿದ್ದಳೆಂದರೆ, ಎದ್ದುಹೋಗಿ ಆ ಬಾಗಿಲು ಮುಚ್ಚಿ ಬಂದೆ. ಉತ್ತರವನ್ನು ಇನ್ನೂ ಕಳಿಸಿಲ್ಲ.